ಬಡ್ಡಿ ಇಲ್ಲದ ಸಾಲ: ಒಂದು ನಾಡದೋಣಿ ಮನೆಯ ಲೆಕ್ಕ

ಇದು ಕುಂದಾಪುರದಿಂದ ಉತ್ತರಕ್ಕೆ, ಹೆದ್ದಾರಿ 66ರಿಂದ ನಡೆದು ಹೋಗುವಷ್ಟು ದೂರದಲ್ಲಿರುವ ಒಂದು ಮೀನುಗಾರರ ಊರಿನ ಕತೆ. ಊರಿನ ಹೆಸರು ಹೇಳುವುದಿಲ್ಲ. ಮನೆಯವರ ಹೆಸರೂ ಬೇಡ. ಹೆಂಗಸನ್ನು ನಾನು ಅಕ್ಕ ಎಂದೇ ಕರೆಯುವುದು, ಇಲ್ಲೂ ಹಾಗೇ ಬರೆಯುತ್ತೇನೆ. ಗುರುತು ಸಿಗದಿರಲಿ ಎಂದು ಒಂದೆರಡು ವಿವರ ಬದಲಿಸಿದ್ದೇನೆ. ಬರೆಯಲು ಅಕ್ಕನ ಒಪ್ಪಿಗೆ ಇದೆ. ಅವರ ಗಂಡ ಮಾತ್ರ "ಬರೀರಿ, ನನ್ನ ದೋಣಿ ಬಣ್ಣ ಬರೀಬೇಡಿ" ಅಂದರು. ದೋಣಿಯ ಬಣ್ಣ ಗೊತ್ತಾದರೆ ಈ ಕಡೆಯವರಿಗೆ ಎಲ್ಲವೂ ಗೊತ್ತಾದ ಹಾಗೆ.

ನಾನು ಹಿಂದೆ ಪರ್ಸೀನ್ ಬೋಟುಗಳ (ಮೀನಿನ ಹಿಂಡಿನ ಸುತ್ತ ಬಲೆ ಬಿಟ್ಟು ಹಿಡಿಯುವ ದೊಡ್ಡ ಬೋಟುಗಳು) ಲೆಕ್ಕ ಬರೆಯುತ್ತಿದ್ದೆ. ಅದಕ್ಕೇ ಊರಲ್ಲಿ ಇವತ್ತಿಗೂ ನನ್ನನ್ನು ರೈಟರ್ರು ಅಂತಲೇ ಕರೆಯುತ್ತಾರೆ. ಈಗ ಮಹಿಳಾ ಸಂಘಗಳ ಪುಸ್ತಕ ನೋಡಿಕೊಡುವುದು, ಅರ್ಜಿ ತುಂಬಿಸಿಕೊಡುವುದು ಮಾಡುತ್ತೇನೆ. ಅಕ್ಕ ನನ್ನ ಹತ್ತಿರ ಬಂದದ್ದೂ ಒಂದು ಅರ್ಜಿ ಹಿಡಿದುಕೊಂಡೇ. ಅದು 2023ರ ಆಗಸ್ಟ್.

ಮನೆ ಮತ್ತು ದೋಣಿ

ಮನೆಯಲ್ಲಿ ಐದು ಜನ. ಅಕ್ಕ, ಅವರ ಗಂಡ, 24 ವರ್ಷದ ಮಗ, ಕಾಲೇಜಿಗೆ ಹೋಗುವ ಮಗಳು, ಮತ್ತೆ ಅತ್ತೆ. ಅತ್ತೆಗೆ ರಂಪಣಿ ಕಾಲದ ನೆನಪು ಚೆನ್ನಾಗಿದೆ. ದಡದಿಂದ ದೊಡ್ಡ ಬಲೆ ಬಿಟ್ಟು, ಊರಿಗೆ ಊರೇ ನಿಂತು ಹಗ್ಗ ಎಳೆಯುತ್ತಿದ್ದ ಕಾಲ ಅದು. ಹಗ್ಗ ಮುಟ್ಟಿದವರಿಗೆಲ್ಲ ಪಾಲು ಇತ್ತಂತೆ. 1970ರ ದಶಕದ ನಡುವಿನಲ್ಲಿ ಪರ್ಸೀನ್ ಬೋಟುಗಳು ಬಂದವು. ಬಂಗುಡೆ, ಬೈಗೆ (ಬೂತಾಯಿ) ಮೀನಿನ ಹಿಂಡು ದಡಕ್ಕೆ ಬರುವ ಮೊದಲೇ ಆಳದಲ್ಲಿ ಸಿಕ್ಕಿಬೀಳತೊಡಗಿತು. ರಂಪಣಿ ಒಂದೊಂದಾಗಿ ನಿಂತಿತು. ಅಕ್ಕನ ಮಾವ ಆಗ ರಂಪಣಿ ಬಿಟ್ಟು ಸಣ್ಣ ದೋಣಿ ಮಾಡಿದರು. ಈಗಿರುವುದು ಅದೇ ಲೈಸೆನ್ಸಿನ ಮೇಲೆ ಆಮೇಲೆ ಮಾಡಿಸಿದ ಫೈಬರ್ ದೋಣಿ, ಹಿಂದೆ 9.9 ಎಚ್‌ಪಿ ಔಟ್‌ಬೋರ್ಡ್ ಎಂಜಿನ್, ಜೊತೆಗೆ ಕಂತು ಬಲೆಗಳು, ಅಂದರೆ ಮೀನು ಕಣ್ಣಿಗೆ ಸಿಕ್ಕಿಕೊಳ್ಳುವ ಬಲೆಗಳು. ಲೈಸೆನ್ಸ್ ವಿಷಯ ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ.

9.9 ಯಾಕೆ ಅಂದರೆ, ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟುಗಳು ಕಡಲಿಗಿಳಿಯುವ ಹಾಗಿಲ್ಲ. 10 ಎಚ್‌ಪಿವರೆಗಿನ ಎಂಜಿನ್ ಇರುವ ನಾಡದೋಣಿಗೆ ಆ ನಿಷೇಧ ಇಲ್ಲ. ಕಡಲು ಬಿಡುವು ಕೊಟ್ಟ ದಿನ ಹೋಗಬಹುದು. ತೂಫಾನ್ ಎದ್ದು ತಳದ ಕೆಸರು ಕದಡಿದ ಮೇಲೆ ಚಟ್ಲಿ (ಸೀಗಡಿ), ಬಂಗುಡೆ ದಡದ ಹತ್ತಿರ ಬರುತ್ತವೆ. ಬಲೆ ಎಳೆದುಕೊಂಡು ಹೋಗುವ ಟ್ರಾಲ್ ಬೋಟುಗಳೆಲ್ಲ ಬಂದರಿನಲ್ಲಿ ಕಟ್ಟಿಕೊಂಡಿರುವುದರಿಂದ ಆಗ ಒಳ್ಳೆ ರೇಟು. ನಾಡದೋಣಿಯವರು ವರ್ಷವಿಡೀ ಕಾಯುವುದು ಆ ನಾಲ್ಕಾರು ಒಳ್ಳೆಯ ದಿನಕ್ಕೆ. ಉಳಿದ ತಿಂಗಳಲ್ಲಿ ದೊಡ್ಡ ಬೋಟುಗಳು ಬಿಟ್ಟದ್ದೇ ಇವರಿಗೆ. ಬೆಳಕು ಹಾಕಿ ಹಿಡಿಯುವುದನ್ನು 2017ರ ನವೆಂಬರಿನಲ್ಲೇ ನಿಷೇಧಿಸಿದ್ದಾರೆ. ಆದರೂ ರಾತ್ರಿ ದಡದಲ್ಲಿ ನಿಂತರೆ ದೂರದಲ್ಲಿ ಪೇಟೆಯ ಹಾಗೆ ಬೆಳಕು ಕಾಣುವ ದಿನಗಳುಂಟು.

ದೋಣಿಗೆ ಹೋಗುವುದು ನಾಲ್ಕು ಜನ. ಅಕ್ಕನ ಗಂಡ, ಅವರ ತಮ್ಮ, ಮಗ, ಪಕ್ಕದ ಮನೆಯವರೊಬ್ಬರು. ಮಾರಿದ ಹಣದಲ್ಲಿ ಮೊದಲು ಎಂಜಿನ್ ಎಣ್ಣೆ ಮತ್ತು ಚಾ-ತಿಂಡಿ ಖರ್ಚು ಕಳೆಯುತ್ತಾರೆ. ಉಳಿದದ್ದರಲ್ಲಿ ಅರ್ಧ ದೋಣಿ-ಎಂಜಿನ್-ಬಲೆಗೆ, ಅರ್ಧ ನಾಲ್ವರಿಗೆ ಸಮ. ದೋಣಿಯ ಅರ್ಧದಲ್ಲಿ ರಿಪೇರಿ ಕಳೆದು ಮಿಕ್ಕಿದ್ದು ಅಣ್ಣತಮ್ಮಂದಿರಿಗೆ.

ಅಕ್ಕನದು ಬುಟ್ಟಿ ವ್ಯಾಪಾರ. ಬೆಳಿಗ್ಗೆ ದಡದಲ್ಲಿ ಏಲಂ (ಹರಾಜು) ಕೂಗುವಾಗ ಹನ್ನೆರಡು-ಹದಿನೈದು ಕೆ.ಜಿ. ಕೊಳ್ಳುತ್ತಾರೆ. ನಾಲ್ಕು ಹೆಂಗಸರು ಸೇರಿ ಒಂದು ರಿಕ್ಷಾ. ಘಟ್ಟದ ಬುಡದ ಕಡೆ ಹತ್ತಿಪ್ಪತ್ತು ಮನೆ, ಒಂದು ಸಣ್ಣ ಪೇಟೆ. ಮೊದಲು ಬಸ್ಸಿನಲ್ಲಿ ಹೋಗುತ್ತಿದ್ದರು. ಮೀನು ಬುಟ್ಟಿ ಕಂಡರೆ ಕಂಡಕ್ಟರ್ ಮುಖ ತಿರುಗಿಸುವುದು ಜಾಸ್ತಿಯಾಗಿ ಅದನ್ನು ಬಿಟ್ಟರು. ಈಗ ಬೈಕಿನ ಹಿಂದೆ ಪೆಟ್ಟಿಗೆ ಕಟ್ಟಿಕೊಂಡು ಹಾರ್ನ್ ಹೊಡೆಯುತ್ತ ಹೋಗುವ ಹುಡುಗರು ಅಕ್ಕ ತಲುಪುವ ಮೊದಲೇ ಅರ್ಧ ಮನೆ ಮುಗಿಸಿರುತ್ತಾರೆ. ಅದೂ ಸಾಲದು ಅಂತ ಮೀನು ತಿನ್ನದ ದಿನಗಳು. ಸೋಮವಾರ ಕೆಲವರಿಗೆ ಇಲ್ಲ, ಶನಿವಾರ ಕೆಲವರಿಗೆ ಇಲ್ಲ. ಸಂಕ್ರಮಣ, ನವರಾತ್ರಿ, ಅಯ್ಯಪ್ಪ ಮಾಲೆ ಹಾಕಿದವರ ಮನೆ ಅಂತ ಬೇರೆ. ಅಕ್ಕನಿಗೆ ಪಂಚಾಂಗ ನನಗಿಂತ ಚೆನ್ನಾಗಿ ಗೊತ್ತು.

ಸಮಸ್ಯೆ ಏನು ಅಂತ ಅವರು ಹೇಳಿದ್ದು

ಎಂಜಿನ್ ಹಳತಾಗಿದೆ, ಕಡಲ ನಡುವೆ ಎರಡು ಸಲ ಕೈಕೊಟ್ಟಿದೆ, ಹೊಸದು ಬೇಕು. ಹೊಸದಕ್ಕೆ ಎರಡು ಲಕ್ಷದ ಮೇಲಾಗುತ್ತದೆ. ಬ್ಯಾಂಕಿಗೆ ಅರ್ಜಿ ಹಾಕಿ ನೋಡೋಣ, ಆಗದಿದ್ದರೆ ಸಾವ್ಕಾರ್ರು ಕೊಡುತ್ತಾರೆ. ಇಷ್ಟೇ.

ಈ ಸಾವ್ಕಾರ್ರು ಅಂದರೆ ದಡದಲ್ಲಿ ದೋಣಿಗಳ ಮೀನು ಕೊಳ್ಳುವ ವ್ಯಾಪಾರಿ. ನಾಲ್ಕು ವರ್ಷದ ಹಿಂದೆ ಎಂಜಿನ್ ಮತ್ತು ಬಲೆಗೆಂದು 2.5 ಲಕ್ಷ ಮುಂಗಡ ಕೊಟ್ಟಿದ್ದರು. ಕಾಗದ ಇಲ್ಲ, ಬಡ್ಡಿ ಇಲ್ಲ. ಶರತ್ತು ಒಂದೇ. ಸಾಲ ಇರುವವರೆಗೆ ದೋಣಿಯ ಮೀನೆಲ್ಲ ಅವರಿಗೇ, ಅವರು ಹೇಳಿದ ರೇಟಿಗೆ, ನೂರಕ್ಕೆ 10 ಕಮಿಷನ್ ಕಳೆದು. ಏಲಂ ಇಲ್ಲ. ಸಾಲ ಹಾಕಿಸಿಕೊಳ್ಳದ ದೋಣಿಯವರು ಏಲಂ ಕೂಗಿಸಿದರೆ ಕಮಿಷನ್ ನೂರಕ್ಕೆ 5.

ನಾನು ಕೇಳಿದೆ, ಇದರಲ್ಲಿ ವರ್ಷಕ್ಕೆ ಎಷ್ಟು ಹೋಗುತ್ತದೆ ಅಂತ ಗೊತ್ತಾ?

"ಬಡ್ಡಿ ಇಲ್ದಿದ್ ದುಡ್ಡ್ ರೈಟರ್ರೇ, ಅದಕ್ಕೆ ಎಂತ ಲೆಕ್ಕ?" ಅಂದರು ಅಕ್ಕ.

ಅವರು ಲೆಕ್ಕ ಇಟ್ಟಿದ್ದ ಸಾಲಗಳೇ ಬೇರೆ. ಬಂಗಾರದ ಮೇಲೆ ಒಂದು, ಸಂಘದಲ್ಲಿ ಒಂದು. ಇವೆರಡರ ಕಂತು ಬುಟ್ಟಿ ದುಡ್ಡಿನಿಂದ ಹೋಗುತ್ತಿತ್ತು. ಕಂತಿನ ದಿನ ಹತ್ತಿರ ಬಂದರೆ ನಿದ್ದೆ ಇಲ್ಲ. ಬಡ್ಡಿ ಕಣ್ಣಿಗೆ ಕಾಣುವ ಸಾಲದ್ದೇ ಹೆದರಿಕೆ. ನಾನು ಆ ದಿನ ಅರ್ಜಿ ತುಂಬಿಸಲಿಲ್ಲ. ಇನ್ನೂರು ಪುಟದ ಒಂದು ನೋಟ್‌ಬುಕ್ ಕೊಟ್ಟು, ಮೂರು ತಿಂಗಳು ದಿನಾ ಬರೆಯಿರಿ, ಆಮೇಲೆ ಎಂಜಿನ್ ಮಾತಾಡೋಣ ಅಂದೆ. ಗಂಡನಿಗೆ ಸಿಟ್ಟು ಬಂತು. ಎಂಜಿನ್ ಕೇಳಲು ಹೋದರೆ ಪುಸ್ತಕ ಕೊಟ್ಟರು ಅಂತ ದಡದಲ್ಲೆಲ್ಲ ಹೇಳಿಕೊಂಡು ಬಂದರಂತೆ.

ನೋಟ್‌ಬುಕ್ಕಿನಲ್ಲಿ ಕಂಡದ್ದು

ಬರೆದದ್ದು ಮಗಳು. ಹೇಳಿದ್ದು ಅಕ್ಕ. ಇಲ್ಲೊಂದು ಅನುಕೂಲ ಇತ್ತು. ಅಕ್ಕ ದಿನಾ ಏಲಂನಲ್ಲಿ ನಿಂತು ಮೀನು ಕೊಳ್ಳುವವರಾದ್ದರಿಂದ ಅದೇ ದಿನ, ಅದೇ ಜಾತಿಯ ಮೀನು ಏಲಂನಲ್ಲಿ ಎಷ್ಟಕ್ಕೆ ಹೋಯಿತು ಅಂತ ಅವರಿಗೆ ಬಾಯಲ್ಲೇ ಇತ್ತು. ಸಾವ್ಕಾರ್ರ ರೇಟು ಒಂದು ಕಾಲಂ, ಏಲಂ ರೇಟು ಪಕ್ಕದ ಕಾಲಂ.

ಆಗಸ್ಟ್ 15ರಿಂದ ನವೆಂಬರ್ 15ರವರೆಗೆ ದೋಣಿ ಹೋದದ್ದು 47 ದಿನ. ಸಾವ್ಕಾರ್ರ ರೇಟಿನಲ್ಲಿ ಮೀನಿನ ಬೆಲೆ 2,11,000 ರೂಪಾಯಿ. ಅದೇ ಮೀನು ಏಲಂಗೆ ಹೋಗಿದ್ದರೆ 2,34,000. ವ್ಯತ್ಯಾಸ 23,000. ಕಮಿಷನ್ 21,100 ಹೋಗಿತ್ತು. ಏಲಂನಲ್ಲಾದರೆ 11,700 ಹೋಗುತ್ತಿತ್ತು. ಅಲ್ಲಿ 9,400. ಒಟ್ಟು 32,400. ಮಳೆಗಾಲ ಬಿಟ್ಟು ವರ್ಷಕ್ಕೆ ಒಂಬತ್ತು ತಿಂಗಳು ಹೀಗೇ ನಡೆಯಿತು ಅಂತಿಟ್ಟುಕೊಂಡರೆ ಸುಮಾರು 97,000. ಎರಡೂವರೆ ಲಕ್ಷಕ್ಕೆ ನೂರಕ್ಕೆ 39ರ ಹತ್ತಿರ. ನಾಲ್ಕು ವರ್ಷದಲ್ಲಿ ಅಸಲು ಒಂದು ರೂಪಾಯಿ ಇಳಿದಿರಲಿಲ್ಲ.

ನನಗೆ ಇದು ಅಂದಾಜಿತ್ತು. ಗೊತ್ತಿಲ್ಲದೆ ಇದ್ದದ್ದು ಇನ್ನೊಂದು ಪುಟದಲ್ಲಿತ್ತು. ಸಾವ್ಕಾರ್ರು ಕೊಟ್ಟದ್ದರಲ್ಲಿ ಕಮಿಷನ್ ಕಳೆದು 1,89,900. ಎಣ್ಣೆ, ತಿಂಡಿ 68,000. ಸಬ್ಸಿಡಿ ಸೀಮೆಎಣ್ಣೆ ಬರದ ವಾರಗಳಲ್ಲಿ ಹೊರಗಿನ ರೇಟಿಗೆ ಕೊಂಡಿದ್ದರು, ಅದಕ್ಕೇ ಅಷ್ಟು. ಉಳಿದದ್ದರಲ್ಲಿ ಒಬ್ಬೊಬ್ಬರ ಪಾಲು 15,200 ಚಿಲ್ಲರೆ. ದೋಣಿಯ ಪಾಲಿನಲ್ಲಿ ಬಲೆಗೆ 24,000, ಎಂಜಿನ್ ರಿಪೇರಿಗೆ 17,000 ಹೋಗಿ ಅಣ್ಣತಮ್ಮಂದಿರಿಗೆ ತಲಾ ಸುಮಾರು ಹತ್ತು ಸಾವಿರ. ಅಂದರೆ ಅಕ್ಕನ ಗಂಡ ಮೂರು ತಿಂಗಳಲ್ಲಿ ಮನೆಗೆ ತಂದದ್ದು 25,000ದ ಸುತ್ತ. ಮಗನ ಪಾಲು ಅವನ ಬೈಕಿನ ಕಂತಿಗೇ ಸರಿಹೋಗಿತ್ತು.

ಅಕ್ಕ 58 ದಿನ ಬುಟ್ಟಿ ಹೊತ್ತಿದ್ದರು. ರಿಕ್ಷಾ, ಐಸ್ ಎಲ್ಲ ಕಳೆದು ಉಳಿದದ್ದು 27,800.

ಈ ಎರಡು ಸಂಖ್ಯೆ ಓದಿ ಹೇಳಿದಾಗ ಅಕ್ಕ ಏನೂ ಹೇಳಲಿಲ್ಲ. ಅತ್ತೆ ಒಳಗಿನಿಂದ ನಕ್ಕರು. ಗಂಡ ಎದ್ದು ಹೊರಗೆ ಹೋದರು. ಆ ಮನೆಯಲ್ಲಿ ಎಲ್ಲರೂ, ಅಕ್ಕನೂ ಸೇರಿ, ದೋಣಿ ದುಡಿಯುತ್ತದೆ, ಬುಟ್ಟಿ ಸಾರಿಗೆ ಉಪ್ಪು-ಹುಳಿಗೆ ಆಗುತ್ತದೆ ಅಂತಲೇ ತಿಳಿದಿದ್ದರು. ದೋಣಿಗಾಗಿ ಸಾಲ ಮಾಡುವುದು, ಬುಟ್ಟಿಯಿಂದ ತೀರಿಸುವುದು. ಹೀಗೆ ಎಷ್ಟು ಮನೆಗಳಲ್ಲಿ ನಡೆಯುತ್ತಿದೆಯೋ.

ಗಂಡನ ಬಗ್ಗೆ ಒಂದು ಮಾತು ಹೇಳಬೇಕು. ಅವರು ಸೋಮಾರಿಯಲ್ಲ, ಕುಡುಕರಲ್ಲ. ಬೆಳಗಿನ ಜಾವ ಮೂರಕ್ಕೆ ಎದ್ದು ಹೋಗುವವರು. ಆ 25,000 ಕಡಿಮೆ ಅಂತ ಕಂಡದ್ದು ಅವರ ದುಡಿಮೆಯಿಂದಲ್ಲ, ನಡುವೆ ಸೋರಿದ್ದರಿಂದ. ಇದನ್ನು ನಾನು ಅವತ್ತೇ ಬಿಡಿಸಿ ಹೇಳಬೇಕಿತ್ತು. ಹೇಳಲಿಲ್ಲ. ಸುಮ್ನೆ ಎರಡು ಮೊತ್ತ ಓದಿ ಕೂತೆ. ಅದರಿಂದ ಎರಡು ವಾರ ಅವರು ನನ್ನ ಜೊತೆ ಮಾತು ಬಿಟ್ಟರು.

ಮೊದಲ ಎರಡು ದಾರಿ, ಎರಡೂ ತಪ್ಪಿದವು

ನನ್ನ ಮೊದಲ ಸಲಹೆ ಪುಸ್ತಕದ ಸಲಹೆ. ಬ್ಯಾಂಕಿನಿಂದ ಸಾಲ ತೆಗೆದು ಸಾವ್ಕಾರ್ರಿಗೆ ಒಂದೇ ಸಲ ಕೊಟ್ಟುಬಿಡಿ, ಬಡ್ಡಿ ಎಷ್ಟಾದರೂ ನೂರಕ್ಕೆ 39 ಆಗುವುದಿಲ್ಲವಲ್ಲ. ಕಿಸಾನ್ ಕ್ರೆಡಿಟ್ ಕಾರ್ಡ್ ಮೀನುಗಾರರಿಗೂ ಸಿಗುವ ಹಾಗೆ ಆಗಿ ಆಗಲೇ ಕೆಲವು ವರ್ಷವಾಗಿತ್ತು. ಡಿಸೆಂಬರಿನಲ್ಲಿ ಅರ್ಜಿ ಹಾಕಿದೆವು. ದೋಣಿಯ ಲೈಸೆನ್ಸ್ ಕೇಳಿದರು. ತೆಗೆದು ನೋಡಿದರೆ ಅದು ಇನ್ನೂ ತೀರಿಕೊಂಡ ಮಾವನ ಹೆಸರಿನಲ್ಲೇ ಇದೆ! ಪ್ರತಿ ಸಲ ನವೀಕರಣ ಮಾಡಿಸುವಾಗ ಯಾರೂ ಹೆಸರು ಬದಲಿಸುವ ಗೋಜಿಗೆ ಹೋಗಿಲ್ಲ. ಬದಲಿಸಬೇಕಾದರೆ ಮೂವರು ಅಣ್ಣತಮ್ಮಂದಿರ ಒಪ್ಪಿಗೆ ಬೇಕು. ಮೂರನೆಯವರು ಮುಂಬೈನಲ್ಲಿ ಹೋಟೆಲಿನಲ್ಲಿದ್ದಾರೆ, ಅವರಿಗೂ ಇವರಿಗೂ ಮನೆ ಜಾಗದ ವಿಷಯದಲ್ಲಿ ಮಾತಿಲ್ಲ.

ನಾನು ಮೂರು ತಿಂಗಳು ಲೆಕ್ಕ ಬರೆಸಿದೆ, ಒಂದು ಸಲ ಲೈಸೆನ್ಸ್ ನೋಡಲಿಲ್ಲ. ಈಗ ಯಾರೇ ಬಂದರೂ ಮೊದಲು ಕೇಳುವುದು ಅದನ್ನೇ. ದೋಣಿ ಯಾರ ಹೆಸರಲ್ಲಿದೆ, ಎಂಜಿನ್ ಬಿಲ್ ಯಾರ ಹೆಸರಲ್ಲಿದೆ, ಸಹಕಾರ ಸಂಘದಲ್ಲಿ ಸದಸ್ಯರಾ. ಇವರು ಸದಸ್ಯರಾಗಿದ್ದರೂ ಉಳಿತಾಯ-ಪರಿಹಾರ ಯೋಜನೆಗೆ ದುಡ್ಡು ಕಟ್ಟಿರಲಿಲ್ಲ. ಮೀನುಗಾರ 1,500 ಕಟ್ಟಿದರೆ ಸರ್ಕಾರ 3,000 ಸೇರಿಸಿ, ಕೆಲಸ ಇಲ್ಲದ ಮೂರು ತಿಂಗಳಿಗೆ 4,500 ಕೊಡುವ ಯೋಜನೆ ಅದು. ಸಣ್ಣ ಮೊತ್ತವೇ. ಆದರೆ ಆಸಾಡಿ ತಿಂಗಳಲ್ಲಿ ಅಕ್ಕಿ ತರಲು ಸಾವ್ಕಾರ್ರ ಮನೆ ಮೆಟ್ಟಿಲು ಹತ್ತುವುದು ತಪ್ಪುತ್ತಿತ್ತು.

ಎರಡನೇ ದಾರಿ ಮಗನದು. ಜನವರಿಯ ಒಂದು ಸಂಜೆ ಬಲೆಗೆ ಅಂಜಲ್ ಬಿತ್ತು, ಸುಮಾರು 60 ಕೆ.ಜಿ. ಅಷ್ಟು ಅಂಜಲ್ ಆ ದೋಣಿಗೆ ಬಿದ್ದು ವರ್ಷಗಳಾಗಿತ್ತು. ನೋಟ್‌ಬುಕ್ ಲೆಕ್ಕ ಮಗನ ತಲೆಯಲ್ಲಿ ಕೊರೆಯುತ್ತಿತ್ತು. ದಡಕ್ಕೆ ತರುವುದು ಬೇಡ, ಪಕ್ಕದ ಬಂದರಿಗೆ ಹೋಗೋಣ ಅಂದ. ಅಪ್ಪ ಬೇಡ ಅನ್ನಲಿಲ್ಲ. ನಲವತ್ತು ಸಾವಿರದ ಮೇಲೆ ಸಿಕ್ಕಿತು. ಮರುದಿನ ಬೆಳಿಗ್ಗೆ ಏಳಕ್ಕೆಲ್ಲ ಸಾವ್ಕಾರ್ರಿಗೆ ಗೊತ್ತಾಗಿತ್ತು. ದಡದಲ್ಲಿ ಹತ್ತು ಜನರ ಮುಂದೆ, ಎಂಟು ದಿನದೊಳಗೆ ಪೂರ್ತಿ ದುಡ್ಡು ಇಡಬೇಕು ಅಂದುಬಿಟ್ಟರು.

ಇದರಲ್ಲಿ ನನ್ನ ಪಾಲೂ ಇದೆ. ಲೆಕ್ಕ ತೋರಿಸಿ ಸಿಟ್ಟು ಬರಿಸಿದವನು ನಾನು, ಆ ಸಿಟ್ಟನ್ನು ಎಲ್ಲಿ ಇಡಬೇಕು ಅಂತ ಹೇಳಿಕೊಡಲಿಲ್ಲ.

ಸಾವ್ಕಾರ್ರು ಕೆಟ್ಟವರಾ? ಹಾಗಂತ ನಾನು ಬರೆಯಲಾರೆ. ಅತ್ತೆಗೆ ಎದೆನೋವು ಬಂದಾಗ ರಾತ್ರಿ ಹನ್ನೊಂದಕ್ಕೆ ಹತ್ತು ಸಾವಿರ ಕೊಟ್ಟು ಕಾರು ಕಳಿಸಿದವರು ಅವರೇ. ಮಳೆಗಾಲದಲ್ಲಿ ದೋಣಿ ಹೋಗದ ವಾರಗಳಲ್ಲಿ ಅಕ್ಕಿ ದುಡ್ಡು ಕೇಳಿದರೆ ಇಲ್ಲ ಅಂದವರಲ್ಲ. ರಾತ್ರಿ ಹನ್ನೊಂದಕ್ಕೆ ಯಾವ ಬ್ಯಾಂಕಿನ ಬಾಗಿಲು ತೆರೆದಿರುತ್ತದೆ? ಆ ನೂರಕ್ಕೆ 39ರಲ್ಲಿ ಈ ಬಾಗಿಲಿನ ಬೆಲೆಯೂ ಸೇರಿತ್ತು. ನನ್ನ ಲೆಕ್ಕದಲ್ಲಿ ಆ ಕಾಲಂ ಇರಲಿಲ್ಲ. ಅಕ್ಕನ ತಲೆಯಲ್ಲಿ ಇತ್ತು.

ಅಕ್ಕ ಹೋಗಿ ಮಾತಾಡಿದ್ದು

ಐದನೇ ದಿನ ಅಕ್ಕ ನನ್ನಲ್ಲಿಗೆ ಬಂದರು. ಗಂಡ ಹೋಗಿ ಕಾಲು ಹಿಡಿಯುವುದು ಬೇಡ, ಮಗ ಹೋದರೆ ಜಗಳ ಆಗುತ್ತದೆ, ನಾನೇ ಹೋಗುತ್ತೇನೆ ಅಂದರು. 32,400 ಇರುವ ಪುಟವನ್ನು ತೋರಿಸಿ ಅಂತ ನಾನು ಕಲಿಸಿಕೊಟ್ಟೆ. ನಿಮ್ಮಿಂದ ನಮಗೆ ಇಷ್ಟು ಲುಕ್ಸಾನು ಅಂತ ಹೇಳಿದರೆ ಅವರು ನಾಚಿಕೊಂಡಾರು ಅಂತ ನನ್ನ ಎಣಿಕೆ.

ಅಕ್ಕ ಆ ಪುಟ ತೆರೆಯಲೇ ಇಲ್ಲ. ಮೊದಲು ಅಂಜಲ್ ಮಾರಿದ ದುಡ್ಡಿನಲ್ಲಿ ಅವರಿಗೆ ಸಲ್ಲಬೇಕಾದ ಕಮಿಷನ್ ತೆಗೆದು ಮುಂದಿಟ್ಟರು. ತಪ್ಪಾಯಿತು ಅಂದರು. ಆಮೇಲೆ ಕೇಳಿದರಂತೆ: "ನಾಲ್ಕ್ ವರ್ಷ ಆಯ್ತ್. ನಿಮ್ ಎರಡೂವರೆ ಲಕ್ಷದಾಗೆ ಒಂದ್ ರೂಪಾಯಿ ನಿಮ್ಗೆ ವಾಪಸ್ ಬಂದಿತಾ? ಇನ್ ಎಷ್ಟ್ ವರ್ಷ ಹೀಂಗೇ ಇಪ್ಪುದ್?"

ಸಾವ್ಕಾರ್ರು ತಕ್ಷಣ ಉತ್ತರ ಕೊಡಲಿಲ್ಲ. ಅವರ ದುಡ್ಡೂ ಪೂರ್ತಿ ಅವರದಲ್ಲ ಅನ್ನುವುದು ಅಕ್ಕನಿಗೆ ಗೊತ್ತಿತ್ತು. ಲಾರಿಗೆ ಮೀನು ತುಂಬಿಸುವ ದೊಡ್ಡ ಪಾರ್ಟಿಯಿಂದ ಅವರು ತಂದು, ಹನ್ನೆರಡು ದೋಣಿಗೆ ಹಂಚಿದ್ದರು. ಆ ಹನ್ನೆರಡರಲ್ಲಿ ಎರಡು ದೋಣಿ ಆಗಲೇ ಮಾರಾಟವಾಗಿ ದುಡ್ಡು ಮುಳುಗಿತ್ತು. ಅಸಲು ವಾಪಸ್ ಬರುತ್ತದೆ ಅನ್ನುವ ಮಾತು ಅವರಿಗೂ ಹೊಸದು.

ಆದ ಒಪ್ಪಂದ ಹೀಗೆ. ಮೀನು ಇನ್ನು ಮೇಲೆ ಏಲಂಗೆ ಹೋಗುತ್ತದೆ. ಏಲಂ ಕೂಗಿಸುವವರು ಸಾವ್ಕಾರ್ರೇ. ಕಮಿಷನ್ ನೂರಕ್ಕೆ 5. ದಿನದ ಮಾರಾಟದಲ್ಲಿ ನೂರಕ್ಕೆ 10 ಅಸಲಿಗೆ ಜಮಾ. ಇದು ಎರಡು ಪುಸ್ತಕದಲ್ಲಿ ಬರೆಯಬೇಕು, ಒಂದು ಅವರ ಹತ್ತಿರ, ಒಂದು ಇವರ ಹತ್ತಿರ, ವಾರಕ್ಕೊಮ್ಮೆ ಇಬ್ಬರ ಸಹಿ. 2024ರ ಫೆಬ್ರವರಿಯ ಮಾತು ಇದು.

ಗಮನಿಸಿ, ದಿನಕ್ಕೆ ಕೈಯಿಂದ ಹೋಗುವುದು ಮೊದಲು ನೂರಕ್ಕೆ 10 ಇತ್ತು, ಈಗ 15. ಗಂಡ ಮೊದಲಿಗೆ ಇದಕ್ಕೇ ತಕರಾರು ಮಾಡಿದರು. ಆದರೆ ಆ 10 ಸಾಲದಿಂದ ಇಳಿಯುತ್ತದೆ, ಏಲಂ ರೇಟಿನಲ್ಲಿ ಅದು ಹೇಗೂ ತುಂಬುತ್ತದೆ. ಸಾವ್ಕಾರ್ರ ಜೊತೆ ಸಂಬಂಧವೂ ಕಡಿಯಲಿಲ್ಲ. ನನ್ನ ಯೋಜನೆ ಪ್ರಕಾರ ಹೋಗಿದ್ದರೆ ಅದು ಕಡಿದೇ ಹೋಗುತ್ತಿತ್ತು.

ಎಂಜಿನ್, ಪೆಟ್ಟಿಗೆ, ಒಣಮೀನು

ಹೊಸ ಎಂಜಿನ್ ತರಲಿಲ್ಲ. ಹಳೆಯದನ್ನೇ ಪೂರ್ತಿ ಬಿಚ್ಚಿಸಿ ಸರಿ ಮಾಡಿಸಿದರು. 38,000 ಆಯಿತು. ಅದು ಅಕ್ಕನ ಚೀಟಿ ದುಡ್ಡು. ದೋಣಿಗೆ ಬುಟ್ಟಿಯ ದುಡ್ಡು ಹಾಕುವುದು ಇದೇ ಮೊದಲಲ್ಲ, ಆದರೆ ಪುಸ್ತಕದಲ್ಲಿ ಅಕ್ಕನ ಹೆಸರಿಗೆ ಸಾಲ ಅಂತ ಬರೆದದ್ದು ಮೊದಲು. ದೋಣಿಯ ಪಾಲಿನಿಂದ ಅದು ತಿಂಗಳು ತಿಂಗಳು ವಾಪಸ್ ಬಂತು.

ಮೀನುಗಾರ ಹೆಂಗಸರಿಗೆ ಸಿಗುವ ಬಡ್ಡಿರಹಿತ ಸಾಲದ ಮಿತಿಯನ್ನು ರಾಜ್ಯ ಸರ್ಕಾರ 2023ರ ಜುಲೈ ಬಜೆಟ್ಟಿನಲ್ಲಿ 50 ಸಾವಿರದಿಂದ 3 ಲಕ್ಷಕ್ಕೆ ಏರಿಸಿತ್ತು. ಸಂಘದ ಮೂಲಕ ಅಕ್ಕ ಕೇಳಿದರು. ದೋಣಿ ಲೈಸೆನ್ಸಿನ ಗೊಡವೆ ಇಲ್ಲಿರಲಿಲ್ಲ. ಸಿಕ್ಕಿದ್ದು ಒಂದು ಲಕ್ಷ. ಎರಡು ಇನ್ಸುಲೇಟೆಡ್ ಪೆಟ್ಟಿಗೆ, ಒಂದು ತೂಕದ ಯಂತ್ರ. ಉಳಿದದ್ದು ಕೈಬಂಡವಾಳ. ಕೈಯಲ್ಲಿ ರೊಕ್ಕ ಇದ್ದವರು ಏಲಂನಲ್ಲಿ ಕೂಗುವುದೇ ಬೇರೆ ರೀತಿ. ಕಡ ಹೇಳಿ ಕೊಳ್ಳುವವರಿಗೆ ಕಡೆಯ ರಾಶಿಯೇ ಗತಿ.

ಪೆಟ್ಟಿಗೆ ಬಂದ ಮೇಲೆ ಅಕ್ಕನ ದಿನ ಬದಲಾಯಿತು. ಮೊದಲು ಬುಟ್ಟಿಯಲ್ಲಿ ಮೇಲೊಂದು ಹಿಡಿ ಐಸ್, ಹನ್ನೆರಡು ಗಂಟೆಗೆ ಬೈಗೆಯ ಹೊಟ್ಟೆ ಒಡೆಯುತ್ತಿತ್ತು, ಸಿಕ್ಕಿದ ರೇಟಿಗೆ ಕೊಡಬೇಕಿತ್ತು. ಈಗ ಪುಡಿ ಐಸ್ ಒಂದು ಪದರ, ಮೀನು ಒಂದು ಪದರ, ಬೇಸಗೆಯಲ್ಲಿ ಕೆ.ಜಿ.ಗೆ ಕೆ.ಜಿ. ಐಸ್, ಕರಗಿದ ನೀರು ಕೆಳಗೆ ಇಳಿದು ಹೋಗಬೇಕು. ಸಂಜೆಯವರೆಗೂ ಮೀನು ಗಟ್ಟಿ. ಬೈಕಿನ ಹುಡುಗರು ಬೆಳಿಗ್ಗೆ ಮಾಡಿ ಮುಗಿಸುತ್ತಾರೆ. ಅಕ್ಕ ಸಂಜೆ ನಾಲ್ಕರ ಮೇಲೆ ಪೇಟೆಯಲ್ಲಿ ಕೂರಲು ಶುರುಮಾಡಿದರು, ಕೆಲಸ ಮುಗಿಸಿ ಮನೆಗೆ ಹೋಗುವವರಿಗೆ. ಈ ಸಮಯ ಬದಲಿಸುವ ಯೋಚನೆ ಅವರದೇ. ನನಗೆ ಹೊಳೆದಿರಲಿಲ್ಲ.

ಮಗ ವಾಟ್ಸಾಪ್ ಗುಂಪು ಮಾಡಿ ಮನೆಮನೆಗೆ ಕಳಿಸುವುದು ಅಂತ ಹೊರಟ. ಎರಡು ತಿಂಗಳು ನಡೆಯಿತು. ಎಲ್ಲರಿಗೂ ಹೆಚ್ಚಿ ತೊಳೆದೇ ಬೇಕು, ಎಲ್ಲರಿಗೂ ಭಾನುವಾರ ಹತ್ತು ಗಂಟೆಗೇ ಬೇಕು. ನಿಂತುಹೋಯಿತು.

2024ರ ಮಳೆಗಾಲದಲ್ಲಿ ಏಲಂನ ಬೆಲೆ ಗೊತ್ತಾಯಿತು. ಜೂನ್-ಜುಲೈನಲ್ಲಿ ದೋಣಿ ಇಳಿದದ್ದು ಬರೀ 14 ದಿನ. 71,000 ರೂಪಾಯಿ. ಹಿಂದೆ ಈ ದಿನಗಳಲ್ಲೇ ಸಾವ್ಕಾರ್ರ ರೇಟಿಗೂ ದಡದ ರೇಟಿಗೂ ಅಂತರ ಅತಿ ಹೆಚ್ಚು ಇರುತ್ತಿತ್ತು. ಗಂಡ ಅವತ್ತು ನನ್ನ ಮನೆಗೆ ಒಂದು ಕೆ.ಜಿ. ಚಟ್ಲಿ ಕಳಿಸಿದರು. ಮಾತಿಲ್ಲ, ಚೀಟಿ ಇಲ್ಲ, ಬರೀ ಚಟ್ಲಿ. ಅಲ್ಲಿಗೆ ನನ್ನ ಮೇಲಿನ ಸಿಟ್ಟು ಮುಗಿಯಿತು ಅಂತ ತಿಳಿದುಕೊಂಡೆ.

ಎಲ್ಲವೂ ಸರಿಹೋಗಲಿಲ್ಲ. ಮಳೆಗಾಲಕ್ಕೆ ಒಣಮೀನು ಮಾಡಿಟ್ಟರೆ ಬುಟ್ಟಿಗೆ ಬಿಡುವಿಲ್ಲ ಅಂತ 2025ರ ಮೇ ತಿಂಗಳಲ್ಲಿ ಅಕ್ಕ 110 ಕೆ.ಜಿ. ಹಸಿ ಮೀನು ಉಪ್ಪು ಹಾಕಿ ಒಣಗಿಸಿದರು. ಮರಳಿನ ಮೇಲೆ ಹರಡಲಿಲ್ಲ. ಹಲ್ಲಿಗೆ ಮರಳು ಸಿಕ್ಕರೆ ಪೇಟೆಯವರು ಎರಡನೇ ಸಲ ಕೊಳ್ಳುವುದಿಲ್ಲ. ಬಿದಿರಿನ ಅಟ್ಟಣಿಗೆ ಕಟ್ಟಿ, ಹಳೆ ಬಲೆ ಬಿಗಿದು, ಅದರ ಮೇಲೆ ಹಾಕಿದರು. ಮಾಡಿದ ರೀತಿಯಲ್ಲಿ ತಪ್ಪಿರಲಿಲ್ಲ. ತಾರೀಕು ತಪ್ಪಿತು. ಆ ವರ್ಷ ಮುಂಗಾರು ಜೂನ್ 1 ಕಾಯಲಿಲ್ಲ, ಮೇ 24ಕ್ಕೇ ಕೇರಳ ಮುಟ್ಟಿತು. ನಮ್ಮ ಕರಾವಳಿಯಲ್ಲಿ ಅದಕ್ಕೂ ಮೊದಲೇ ಮಳೆ ಹಿಡಿದಿತ್ತು. ಅರ್ಧ ಒಣಗಿದ ಮೀನಿಗೆ ಹುಳ ಬಿತ್ತು. ಒಂಬತ್ತು ಸಾವಿರ ಹೋಯಿತು. ಒಣಮೀನು ಮಾಡುವುದಾದರೆ ಫೆಬ್ರವರಿ-ಮಾರ್ಚಿನಲ್ಲೇ ಮುಗಿಸಬೇಕು ಅಂತ ಅತ್ತೆ ಮೊದಲೇ ಹೇಳಿದ್ದರು. ಮೇನಲ್ಲಿ ಮೀನು ಅಗ್ಗ ಅಂತ ನಾವಿಬ್ಬರೂ ಕೇಳಲಿಲ್ಲ.

ಮಗ ಅದೇ ಆಗಸ್ಟಿನಲ್ಲಿ ಮಲ್ಪೆಯ ಪರ್ಸೀನ್ ಬೋಟಿಗೆ ಹೋದ. ದೋಣಿಗೆ ಈಗ ಮೂರೇ ಜನ. ಅವನು ನಿಲ್ಲುತ್ತಾನೆ ಅಂತ ನಾನು ಆಸೆ ಇಟ್ಟುಕೊಂಡಿದ್ದೆ. ಅಕ್ಕ ಇಟ್ಟುಕೊಂಡಿರಲಿಲ್ಲ. "ಅವ್ನ್ ಪಾಲ್ ಅವ್ನ್ ಕಾಣ್ಲಿ" ಅಂದರು.

ಇಂಥ ಮನೆಗೆ ಲೆಕ್ಕ ಹಿಡಿದು ಹೋಗುವವರಿಗೆ

ನಾನು ಇದೇ ಊರಿನಲ್ಲಿ ಈಗ ಇನ್ನೆರಡು ಮನೆಗೆ ನೋಟ್‌ಬುಕ್ ಕೊಟ್ಟಿದ್ದೇನೆ, ಸ್ವಲ್ಪ ಬೇರೆ ರೀತಿಯಲ್ಲಿ. ಏಲಂ ರೇಟಿನ ಕಾಲಂ ಇರಲೇಬೇಕು, ಅದಿಲ್ಲದೆ ಈ ಸಾಲದ ನಿಜವಾದ ಬೆಲೆ ಕಾಣುವುದಿಲ್ಲ. ಆ ರೇಟು ದಡದಲ್ಲಿ ಕೊಳ್ಳುವ ಹೆಂಗಸರಿಗೆ ಗೊತ್ತಿರುತ್ತದೆ, ದೋಣಿಯಲ್ಲಿರುವ ಗಂಡಸರಿಗೆ ಅಲ್ಲ. ಹಾಗಾಗಿ ಪುಸ್ತಕ ಹೆಂಗಸರ ಕೈಯಲ್ಲಿರಲಿ. ವ್ಯಾಪಾರಿ ಕಷ್ಟಕ್ಕೆ ಏನೇನು ಕೊಟ್ಟರು ಅನ್ನುವುದಕ್ಕೂ ಒಂದು ಕಾಲಂ ಹಾಕಿಸಿದ್ದೇನೆ. ಆಸ್ಪತ್ರೆಗೆ ಹತ್ತು ಸಾವಿರ, ಅಕ್ಕಿಗೆ ಎರಡು ಸಾವಿರ, ಎಲ್ಲ. ಅದನ್ನು ಬಿಟ್ಟು ಲೆಕ್ಕ ಹೇಳಿದರೆ ಮನೆಯವರು ನಂಬುವುದಿಲ್ಲ, ನಂಬಲೂಬಾರದು. ಮೊತ್ತ ಓದುವಾಗ ಗಂಡ-ಹೆಂಡತಿಯ ದುಡಿಮೆಯನ್ನು ಒಂದರ ಪಕ್ಕ ಒಂದು ಇಟ್ಟು ಓದುವುದಿಲ್ಲ. ಸೋರಿದ್ದನ್ನು ಮೊದಲು ಓದುತ್ತೇನೆ.

ಇನ್ನು, ಮೂರೂ ಸಲ ದಾರಿ ತೆರೆದದ್ದು ಅಕ್ಕನ ಯೋಚನೆಯಿಂದ. ಅಸಲಿನ ಮಾತು, ಚೀಟಿ ದುಡ್ಡನ್ನು ಸಾಲ ಅಂತ ಬರೆಸಿದ್ದು, ಸಂಜೆ ನಾಲ್ಕರ ವ್ಯಾಪಾರ. ನನ್ನಿಂದ ಆದದ್ದು ಸಂಖ್ಯೆ ಕೂಡಿಸಿದ್ದು. ಇದನ್ನು ವಿನಯಕ್ಕೆ ಹೇಳುತ್ತಿಲ್ಲ, ನನ್ನ ಎರಡು ಸಲಹೆಯಲ್ಲಿ ಒಂದು ಲೈಸೆನ್ಸಿನ ಮುಂದೆ ನಿಂತಿತು, ಇನ್ನೊಂದನ್ನು ಅಕ್ಕ ಪುಟ ಮಗುಚಿಟ್ಟು ಪಕ್ಕಕ್ಕೆ ಸರಿಸಿದರು.

2025ರ ಅಕ್ಟೋಬರ್ ಕೊನೆಗೆ ಎರಡೂ ಪುಸ್ತಕ ತಾಳೆ ನೋಡಿದೆವು. ದಿನದ ನೂರಕ್ಕೆ 10, ಜೊತೆಗೆ ಮಳೆಗಾಲದಲ್ಲಿ ಒಂದೇ ಸಲ ಕೊಟ್ಟ 40,000, ಒಟ್ಟು ತೀರಿದ್ದು 1,46,000. ಬಾಕಿ 1,04,000. ಬಂಗಾರ ಬಿಡಿಸಿ ಆಗಿದೆ. ಲೈಸೆನ್ಸ್ ಇನ್ನೂ ಮಾವನ ಹೆಸರಿನಲ್ಲೇ ಇದೆ. ಮುಂಬೈಯವರು ಕೋಟೇಶ್ವರದ ಕೋಡಿ ಹಬ್ಬಕ್ಕೆ ಬರುತ್ತಾರಂತೆ. ಕಾಗದ ಬರೆದು ಸಿದ್ಧವಾಗಿಡಿ, ಅವತ್ತು ಊಟಕ್ಕೆ ಕರೆದು ಅಂಜಲ್ ಬಡಿಸಿ ಸಹಿ ಹಾಕಿಸುತ್ತೇನೆ ಅಂತ ಅಕ್ಕ ಹೇಳಿ ಹೋಗಿದ್ದಾರೆ.